ದುಬೈ ಮಳೆಯ ವಿಡಿಯೊ

ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಮೂರೂವರೆ ಗಂಟೆ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ ನನಗೆ ಕಿಟಕಿಯ ಸೀಟು ಸಿಕ್ಕಿದ್ದು ಇದೇ ಮೊದಲು. ಓದಿದ್ದು ಐದನೇ ಕ್ಲಾಸು, ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ. ಅಲ್ ಮುರಕ್ಕಬಾತಿನ ಮನೆಯ ಬಾಗಿಲಲ್ಲೇ ಮಗಳು ಶೋಭಾ ಮಗುವನ್ನು ನನ್ನ ಕೈಗೆ ಕೊಟ್ಟಳು. ನಲವತ್ತೊಂದು ದಿನದ ಮೊಮ್ಮಗಳು. ನನ್ನ ಹೆಬ್ಬೆರಳು ಹಿಡಿದವಳು ಬಿಡಲೇ ಇಲ್ಲ. ಆ ಹೊತ್ತಿಗೆ ದುಬೈ ಇಡೀ ನನ್ನದೇ ಅನ್ನಿಸಿತು.

ಮೂರನೆಯ ದಿನ ಮಳೆ ಬಂತು. ಒಂದೇ ಗಂಟೆಯ ಮಳೆಗೆ ರಸ್ತೆಯಲ್ಲಿ ನೀರು ನಿಂತಿತು. ಬಾಲ್ಕನಿಯಿಂದ ವಿಡಿಯೊ ಮಾಡಿ, "ನೋಡಿ ಮಾರಾಯ್ರೆ, ಇಲ್ಲಿನ ಸರಕಾರಕ್ಕೂ ಚರಂಡಿ ಮಾಡ್ಲಿಕ್ಕೆ ಬರುದಿಲ್ಲ, ನಮ್ಮ ಪಂಚಾಯತಿನ ಹಾಗೆಯೇ" ಎಂದು ಹೇಳಿ, ಊರಿನ ಕಂಡಕ್ಟರುಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಸಂತೋಷಕ್ಕೆ ಬಾಯಿ ಸಡಿಲವಾಗಿತ್ತು.

ಜುಮೇರಾ ಲೇಕ್ ಟವರ್ಸಿನ ಆಫೀಸಿನಿಂದ ಬಂದ ಅಳಿಯ ದಿನೇಶ ನನ್ನ ಫೋನಿನಲ್ಲಿ ಅದನ್ನು ನೋಡಿ ಶೂ ಬಿಚ್ಚದೆ ಕುಳಿತ. "ಮಾವ, ಈಗಲೇ ತೆಗೀರಿ. ಇಲ್ಲಿ ಹೀಗೆಲ್ಲ ಹಾಕಿದ್ರೆ ಕೇಸ್ ಆಗ್ತದೆ. ನನ್ನ ಕೆಲಸ ಖಲಾಸ್. ಮಗುವಿನ ವೀಸಾ ಇನ್ನೂ ಆಗಿಲ್ಲ."

ತೆಗೆದೆ. ಆದರೆ ಊರಿನ ಬಾಬಣ್ಣ ಅಷ್ಟರಲ್ಲಿ ಅದನ್ನು ತನ್ನ ಸ್ಟೇಟಸ್ಸಿಗೆ ಹಾಕಿಯಾಗಿತ್ತು. ಅವನಿಗೆ ಫೋನ್ ಮಾಡಿದೆ.

"ಎಂತ, ನೀನು ಹೆದರುದಾ? ಎಮ್ಮೆಲ್ಲೆಗೆ ಬಸ್‌ಸ್ಟ್ಯಾಂಡಲ್ಲಿ ಬೈದವ."

"ಆಗ ನನ್ನ ಮಡಿಲಲ್ಲಿ ಮಗು ಇರ್ಲಿಲ್ಲ ಬಾಬಣ್ಣ. ತೆಗಿ."

ತೆಗೆದ. ಹನ್ನೊಂದು ಜನ ನೋಡಿಯಾಗಿತ್ತು, ಇಬ್ಬರು ಗಲ್ಫಿನಲ್ಲೇ ಇರುವವರು. ಆಮೇಲೆ ಬೆಲ್ ಆದಾಗಲೆಲ್ಲ ದಿನೇಶ ಮೊದಲು ನನ್ನ ಮುಖ ನೋಡುತ್ತಿದ್ದ. ಬಂದವರು ನೀರಿನ ಕ್ಯಾನಿನವನು, ಇಲ್ಲವೇ ತರಕಾರಿಯವನು.

ಶನಿವಾರ ಅಬುಧಾಬಿಗೆ ಹೋದೆವು. ಬಸ್ಸಿನಲ್ಲಿ ಎರಡು ಗಂಟೆ, ಇಪ್ಪತ್ತೈದು ದಿರ್ಹಾಮ್, ಕಂಡಕ್ಟರ್ ಇಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಮೊಬೈಲ್ ಅಂಗಡಿಯಲ್ಲಿ ನಮ್ಮೂರಿನ ಹಮೀದ್ ಇಪ್ಪತ್ತು ವರ್ಷದಿಂದ ಇದ್ದಾನೆ. ಚಾ ತರಿಸಿದ. ಇಲ್ಲಿನ ಸರಕಾರ ಹೇಗೆ ಎಂದು ಕೇಳಿದೆ.

"ಒಳ್ಳೆದುಂಟು ಅಣ್ಣ. ರೋಡ್ ಉಂಟು, ಕರೆಂಟು ಹೋಗುದಿಲ್ಲ, ಮನೆಗೆ ತಿಂಗಳು ತಿಂಗಳು ಕಳಿಸ್ತೇನೆ."

"ಒಳ್ಳೆದಲ್ಲದ್ದು ಯಾವುದೂ ಇಲ್ವಾ?"

"ಚಾ ಆರ್ತದೆ, ಕುಡೀರಿ."

ಹೇಳಿದ್ದು ಅವನ ಮನಸ್ಸಿನ ಮಾತೇ ಇರಬಹುದು, ಆ ರಸ್ತೆ ನೋಡಿ ನನಗೂ ಹಾಗೇ ಅನ್ನಿಸಿತ್ತು. ಆದರೆ ಮುಖ ನೋಡಿಯೇ ಯಾರು ಟಿಕೆಟ್ ತೆಗೆದಿಲ್ಲವೆಂದು ಹೇಳುತ್ತಿದ್ದ ನನಗೆ, ಹಮೀದನ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ನಾನು ಹೊರಡುವ ಹಿಂದಿನ ದಿನ ಮಗುವಿನ ವೀಸಾ ಬಂತು. ದಿನೇಶ ಬಿರಿಯಾನಿ ತಂದು, "ಮಾವ, ಇದರ ವಿಡಿಯೊ ಬೇಕಾದ್ರೆ ಮಾಡಿ" ಎಂದು ನಕ್ಕ.

ಊರಿಗೆ ಬಂದ ದಿನವೇ, ಮನೆಗೆ ಹೋಗುವ ದಾರಿಯಲ್ಲಿ ರಿಕ್ಷಾ ಗುಂಡಿಗೆ ಬಿತ್ತು. ಇಳಿದು ವಿಡಿಯೊ ಮಾಡಿ ಪಂಚಾಯತಿಗೆ ಮನಸಾರೆ ಬೈದೆ. ಗ್ರೂಪಿಗೆ ಹಾಕುವಾಗ ಬೆರಳು ನಿಂತಿತು. ಮೊದಲು ಶೋಭಾಳಿಗೆ ಕಳಿಸಿ, ಹಾಕಬಹುದಾ ಎಂದು ಕೇಳಿದೆ. ಅವಳ ವಾಯ್ಸ್ ಮೆಸೇಜ್ ಬಂತು: "ಅಪ್ಪ, ಅದು ಊರಿನ ಗುಂಡಿ, ಬೇಕಾದಷ್ಟು ಬೈಯಿರಿ. ನನಗೆ ಮಾತ್ರ ಕಳಿಸ್ಬೇಡಿ." ಅವಳ ಹಿಂದೆ ಮಗು ಅಳುತ್ತಿತ್ತು.

ಗುಂಡಿಯನ್ನು ಗ್ರೂಪಿಗೆ ಹಾಕಿದೆ. ಆ ಅಳುವನ್ನು ಯಾರಿಗೂ ಕಳಿಸದೆ, ಮನೆ ಮುಟ್ಟುವವರೆಗೆ ನಾಲ್ಕು ಸಲ ಕೇಳಿದೆ.