ಬೇವಿನಸೊಪ್ಪು ಕಟ್ಟಿದ ಬಾಗಿಲು

ಸಿಡುಬು ತೊಲಗಿ ಕೆಲವು ವರ್ಷಗಳಾಗಿದ್ದವು. ಪುಸ್ತಕದ ಚಿತ್ರ ತೋರಿಸಿ ಪಾಠ ಮಾಡುವುದು ನನಗೆ ಬೇಸರ. ಅದಕ್ಕೇ ಏಳು ಜನ ಮೆಡಿಕಲ್ ವಿದ್ಯಾರ್ಥಿಗಳನ್ನು ಬುಕ್ಕಾಪಟ್ಟಣದ ಹತ್ತಿರದ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಹಿಂದೆ ಲಸಿಕೆ ಹಾಕಲು ನಾನೇ ಸುತ್ತಿದ್ದ ಸೀಮೆ ಅದು.

ಒಂದು ಮನೆಯ ಮುಂದೆ ನಿಂತು, "ಅಮ್ಮ ಬಂದ ಮನೆಗೆ ಬೇವಿನಸೊಪ್ಪು ಕಟ್ಟಿ, ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ನಾವು ನಯವಾಗಿ ಒಪ್ಪಿಸಿ ಮನೆಮಂದಿಗೆಲ್ಲ ಲಸಿಕೆ ಹಾಕುತ್ತಿದ್ದೆವು," ಎಂದೆ.

ಜಗಲಿಯ ಮೇಲೆ ಉಣ್ಣೆ ನೂಲುತ್ತಿದ್ದ ಹೆಂಗಸು ರಾಟೆ ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು.

"ನಯವಾಗೇನಪ್ಪ? ನಾನು ಅಗುಳಿ ಹಾಕಿದ್ದೆ. ನೀನು ಬಾಗ್ಲು ಒದ್ದು ಬೂಟುಗಾಲಲ್ಲೇ ಬಂದ್ಬುಟ್ಟೆ. ಅಮ್ಮ ಬಂದು ಮಲಗಿದ್ದ ನನ್ ಮಗ ಬೆಚ್ಚಿ ಕಿರುಚ್ಕಂಡ. ನನ್ ರಟ್ಟೆ ಹಿಡ್ದು ಚುಚ್ದೆ. ಮರ್ತ್ಬುಟ್ಟಾ?"

ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಒಬ್ಬ ಹುಡುಗಿ ಪೆನ್ನು ಹಿಡಿದೇ ನಿಂತಳು. ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಿನ ಕೆಳಗಿನ ಹಲಗೆಗೆ ಬೇರೆ ಮರದ ತೇಪೆ ಹಾಕಿದ್ದು ಕಾಣಿಸಿತು.

"ಹಾಕದಿದ್ದರೆ ನಿಮಗೂ ಬರ್ತಿತ್ತು ಕಣಮ್ಮ," ಎಂದೆ.

"ಬರ್ತಿತ್ತೇನೋ. ಅಂಗಂತ್ಲೇ ಯೋಳು. ನಯವಾಗಿ ಅನ್ಬ್ಯಾಡ."

ಆಮೇಲೆ ಹುಡುಗರ ಕಡೆ ತಿರುಗಿದಳು. "ಬರ್ರಪ್ಪ, ಮೆಟ್ಟು ಬಿಟ್ಟು ಒಳಕ್ಕೆ ಬನ್ನಿ. ನನ್ ಮಗ ಅವ್ನೆ, ಮಾತಾಡ್ಸಿ."

ನಾನೂ ಬೂಟಿನ ದಾರ ಬಿಚ್ಚಲು ಬಗ್ಗಿದೆ.

"ನೀನ್ ಬ್ಯಾಡ ಕಣಪ್ಪ. ನೀನು ಅವತ್ತೇ ಬಂದಿದ್ದೀಯಲ್ಲ."

ಅವತ್ತಿನ ಪಾಠ ಒಳಗೆ ನಡೆಯಿತು. ಮೇಷ್ಟ್ರಾದ ನಾನು ಬಿಸಿಲಲ್ಲಿ ನಿಂತು ಏಳು ಜೊತೆ ಚಪ್ಪಲಿ ಕಾದೆ.