ಡಾಕ್ಟರು ಕುರಿಯ ಮಾತೆತ್ತಿದ ದಿನ

ಹೋದ ವರ್ಷ ಹಿಂಗಾರಿ ಜೋಳ ಬಿತ್ತುವ ಹೊತ್ತು. ಔರಾದ ತಾಲ್ಲೂಕಿನ ಡಾಬಕಾದಿಂದ ನಮ್ಮ ಅತ್ತೆಯನ್ನು ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಗೆ ಕರೆತಂದಿದ್ದೆವು. ಕುರಿ ಸಾಕುತ್ತಲೇ ಮಕ್ಕಳನ್ನು ಓದಿಸಿದ ಗಟ್ಟಿಗಿತ್ತಿ ಅವರು. ಅಂಥವರಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಗೆಣ್ಣುಗಳು ಬಾತುಕೊಂಡು, ಚಹಾದ ಕಪ್ಪು ಹಿಡಿಸಲೂ ನಾನೇ ಬೇಕಾಗಿತ್ತು.

ಮೊದಲು ತೋರಿಸಿದ್ದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ನಿಮ್ಮ ಮೈಯೇ ನಿಮ್ಮ ಕೀಲಿನ ಮ್ಯಾಲ ದಾಳಿ ಮಾಡ್ಲಕತ್ತದ್ರಿ" ಎಂದು ಗುಳಿಗೆ ಬರೆದುಕೊಟ್ಟಿದ್ದರು. ತಡಮಾಡಿದರೆ ಬೆರಳು ಸೊಟ್ಟಗೇ ಉಳಿಯುತ್ತವೆ ಎಂದೂ ಹೇಳಿದ್ದರು. ಅತ್ತೆ ನಾಲ್ಕು ದಿನ ನುಂಗಿ ಬಿಟ್ಟೇಬಿಟ್ಟರು. ಕೇಳಿದರೆ, "ನನ್ನ ಮೈಯೇ ನನಗ ವೈರಿ ಅಂದ್ಮ್ಯಾಲ, ಗುಳಿಗಿ ತಿಂದ್ರ ವೈರಿಗೇ ತಾಕತ್ತು ಬರ್ತದಲ್ಲೇನು?" ಎಂದು ನನ್ನನ್ನೇ ದಬಾಯಿಸಿದರು.

ಕೊನೆಗೆ ಬೀದರಿನಲ್ಲೇ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಭಾಲ್ಕಿ ಕಡೆಯ ಹೆಣ್ಣುಮಗಳು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರವಿಲ್ಲ. ಕೈ ನೋಡಿದರು, ಬಾಯಿ ತೆರೆಸಿ ಒಸಡನ್ನೂ ನೋಡಿದರು. ಅತ್ತೆಗೆ ದಿನಾ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕುವ ಚಟ. ಒಸಡು ಬಾತು ರಕ್ತ ಒಸರುತ್ತಿತ್ತು. ಏನು ಕೆಲಸ ಎಂದು ಕೇಳಿ, ಕುರಿ ಸಾಕುತ್ತಾರೆಂದು ತಿಳಿದ ಮೇಲೆ ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಆಯಿ, ಕುರಿ ತನ್ನ ಮರಿಗೇ ಹಾಲು ಕೊಡದ ಗುದ್ದತದಲ್ರಿ, ಯಾವಾಗ?"

"ಮರಿ ಮೈಗಿ ಬ್ಯಾರೆ ವಾಸನಿ ಹತ್ತಿದ್ರ ರೀ. ತನ್ನದೇ ಅಂತ ಗುರುತು ಸಿಗಂಗಿಲ್ಲ ಅದಕ."

"ನಿಮ್ಮ ಮೈಯಾಗೂ ಹಂಗೇ ಆಗಿರಬೇಕ್ರಿ. ಈ ತಂಬಾಕು, ಒಸಡಿನ ಬಾವು ಇದ್ದಲ್ಲಿ ನಮ್ಮದೇ ಪ್ರೋಟೀನಿನ ರೂಪ ಒಂಚೂರು ಬದಲಾಗ್ತದ. ಮೈ ಕಾಯೋ ಕಣಗಳು ಅದನ್ನ ಹೊರಗಿಂದು ಅಂತ ತಿಳಕೊಂಡು ಹೊಡಿಲಾಕ ನಿಂದರ್ತಾವ. ಆಮ್ಯಾಲ ಕೀಲಿಗೂ ಬಿಡಂಗಿಲ್ಲ. ಎಲ್ಲರಿಗೂ ಹಿಂಗ ಆಗ್ತದಂತಿಲ್ಲ."

ಅತ್ತೆ ತಮ್ಮ ಬಾತ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ, "ಹಂಗಾದ್ರ ಕುರೀದೇನು ತಪ್ಪಿಲ್ಲ. ನಾವು ಅದಕ ಗಟ್ಟಿ ಹಿಡಕೊಂಡು ಮರಿಗಿ ಕುಡಿಸ್ತೀವಿ. ನಿಮ್ಮ ಗುಳಿಗಿ ಹಂಗ ಹಿಡೀತದೇನ್ರಿ?" ಎಂದರು.

ಡಾಕ್ಟರ ಮುಖ ಅರಳಿತು. "ಖರೇ ಅದೇ ರೀ ಆಯಿ! ಆದ್ರ ನಡುವ ಬಿಟ್ರ ಮತ್ತ ಗುದ್ದತದ. ಮಿಶ್ರೀನೂ ಬಿಡಬೇಕು ನೋಡ್ರಿ."

ಮಿಶ್ರಿ ಬಿಡುವುದು ಸುಲಭವಾಗಲಿಲ್ಲ. ತಿಂಗಳುಗಟ್ಟಲೆ ಮನೆಮಂದಿಯ ಮೇಲೆಲ್ಲ ರೇಗಿದರು, ಆದರೆ ಮತ್ತೆ ಮುಟ್ಟಲಿಲ್ಲ. ಗುಳಿಗೆಯನ್ನು ಹೇಳಿದಂತೆ ತೆಗೆದುಕೊಂಡರು. ಅಷ್ಟರಲ್ಲೇ ಸೊಟ್ಟಗಾಗಿದ್ದ ಎರಡು ಬೆರಳು ಹಾಗೇ ಉಳಿದವು. ಬಾವು ಮಾತ್ರ ಇಳಿಯಿತು. ಡಾಕ್ಟರು ಆಗಾಗ ರಕ್ತ ಪರೀಕ್ಷೆಗೆ ಕರೆಯುತ್ತಾರೆ, ಊರಿಗೆ ಮರಳಿರುವ ಅತ್ತೆ ತಪ್ಪದೆ ಬರುತ್ತಾರೆ. ಓದಿದವರಿಗೇ ಕಷ್ಟವಾದ ಸಂಗತಿಯನ್ನು ಅತ್ತೆಯ ಬದುಕಿನಿಂದಲೇ ಎತ್ತಿ ಅವರ ಮುಂದಿಟ್ಟ ಆ ಹೆಣ್ಣುಮಗಳನ್ನು ನೆನೆದಾಗೆಲ್ಲ ಕೈ ಮುಗಿಯಬೇಕೆನಿಸುತ್ತದೆ. ಆ ವಯಸ್ಸಿನಲ್ಲಿ ಹಠ ಬಿಟ್ಟ ಅತ್ತೆಯ ಮೇಲೂ ನನಗೆ ಅಷ್ಟೇ ಅಭಿಮಾನ.

ಹೋದ ತಿಂಗಳು ಡಾಬಕಾಕ್ಕೆ ಹೋಗಿದ್ದೆ. ಅತ್ತೆ ಅಂಗಳದಲ್ಲಿ ಕೂತು ಒಂದು ಕೈಯಿಂದ ಇನ್ನೊಂದು ಕೈಯನ್ನು ಮೆಲ್ಲಗೆ ಸವರುತ್ತಿದ್ದರು.

"ನೋವು ಅದೇನ್ರಿ ಅತ್ತಿ?" ಎಂದೆ.

"ಇಲ್ಲವ್ವಾ. ಅಷ್ಟು ದಿನ ಈ ಮೈಗಿ ವೈರಿ ಅಂತ ಬೈದೆ. ಪಾಪ, ಇದಕರ ಏನ್ ಗೊತ್ತಿತ್ತು?"