ಮೂರನೇ ಸೀಸೆ

ಟಿಣ್. ಒಂದು ಕ್ಷಣ ಬಿಟ್ಟು ಮತ್ತೆ ಟಿಣ್. ಕಂದು ಬಣ್ಣಕ್ಕೆ ತಿರುಗಿದ ಕಿರುಬೆರಳಿನ ಉದ್ದ ಉಗುರು ಗಾಜಿನ ಲೋಟದ ಅಂಚಿಗೆ ತಾಗುವ ಸದ್ದು. ಭಾನುವಾರ ಬೆಳಿಗ್ಗೆ ಎದುರು ಮನೆಯ ಜಗಲಿಯಿಂದ ಅದು ಕೇಳಿದರೆ ನಾನು ಹೋಮ್‌ವರ್ಕ್ ಬಿಟ್ಟು ರಸ್ತೆ ದಾಟುತ್ತಿದ್ದೆ. ಐವತ್ತರ ದಶಕದ ಕೊನೆಯ ಜಯನಗರದಲ್ಲಿ ಅಷ್ಟು ಸಣ್ಣ ಸದ್ದೂ ಆಚೆ ಮನೆಗೆ ಕೇಳುತ್ತಿತ್ತು. ನಮ್ಮ ರಸ್ತೆಯಲ್ಲಿದ್ದದ್ದು ಐದೇ ಮನೆ. ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟು, ಅದರಾಚೆ ಯಡಿಯೂರು ಕೆರೆಯ ಗಾಳಿ.

ಎದುರು ಮನೆಯವರನ್ನು ಮಾವ ಎನ್ನುತ್ತಿದ್ದೆ, ನೆಂಟರೇನಲ್ಲ. ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಅವರದು. ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದ ಮನೆತನದವರು. ಕೆಮಿಸ್ಟ್ರಿ ಓದಿ ಲ್ಯಾಬಿಗೆಂದು ಸೇರಿದ್ದರಂತೆ. ಯಾವ ಪೀಪಾಯಿ ಹುಳಿಗೆ ತಿರುಗಿದೆ ಎಂಬುದನ್ನು ಇವರ ಮೂಗು ಎಲ್ಲರಿಗಿಂತ ಮೊದಲು ಹೇಳುತ್ತಿದೆ ಎಂದು ಗೊತ್ತಾದ ಮೇಲೆ ಸಾಹೇಬರು ಲ್ಯಾಬಿನಿಂದ ಎಬ್ಬಿಸಿ ಟೇಸ್ಟಿಂಗ್ ರೂಮಿನಲ್ಲಿ ಕೂರಿಸಿದರಂತೆ.

ಆಗ ಕಾರ್ಖಾನೆಯವರು ತಮ್ಮದೇ ಸ್ಟೌಟ್ ಮಾಡಲು ಹೊರಟಿದ್ದರು. ಸ್ಟೌಟ್ ಅಂದರೆ ಹುರಿದು ಕಪ್ಪಾಗಿಸಿದ ಬಾರ್ಲಿಯಿಂದ ಮಾಡುವ ಕರೀ ಬಿಯರ್. ಹಡಗಿನಲ್ಲಿ ಬಂದ ಸೀಸೆಗಳನ್ನೂ ತಮ್ಮ ಟ್ರಯಲ್ ಸೀಸೆಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಮಾವನ ಪಾಲಿಗೆ ಬಂದಿತ್ತು. ವಾರದಲ್ಲಿ ಮುಗಿಯದ್ದನ್ನು ಖಾಕಿ ಚೀಲದಲ್ಲಿ ಮನೆಗೆ ತರುತ್ತಿದ್ದರು. ಹೊಟ್ಟೆಗೆ ಏನೂ ಬೀಳುವ ಮುಂಚೆ, ಕೊರಳಿನ ಲಿಂಗದ ಕರಡಿಗೆಯನ್ನು ಎದೆಯಿಂದ ಬೆನ್ನಿಗೆ ಸರಿಸಿ ಕೂರುತ್ತಿದ್ದರು. ಮೊದಲು ಉಗುರಿನ ಸದ್ದು. ಲೋಟದಲ್ಲಿ ಸೋಪಿನ ಜಿಡ್ಡಿದ್ದರೆ ಟಿಣ್ ಅನ್ನುವುದಿಲ್ಲ ಎಂದು ಅವರ ನಂಬಿಕೆ. ಆಮೇಲೆ ಬಗ್ಗಿಸಿ, ನೊರೆಯ ಬಣ್ಣ ನೋಡಿ, ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಹಿತ್ತಾಳೆ ಪೀಕದಾನಿಗೆ ಉಗಿದುಬಿಡುತ್ತಿದ್ದರು. ನುಂಗಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

"ಗಂಟಲು ದಾಟಿದ್ರೆ ಕುಡಿತ ಪುಟ್ಟಿ, ನಾಲಿಗೇಲಿದ್ರೆ ಕೆಲಸ" ಅನ್ನುತ್ತಿದ್ದರು. ಆದರೆ ಕೆಲಸದ ಮುಖವಲ್ಲ ಅದು. ಕಣ್ಣು ಮುಚ್ಚಿ, ಹುಬ್ಬು ಏರಿಸಿ, ಒಳ್ಳೆಯ ಸಂಗೀತಕ್ಕೆ ತಲೆದೂಗುವವರ ಹಾಗೆ ಕೂತಿರುತ್ತಿದ್ದರು. ನನಗೆ ಮೂಸಲು ಮಾತ್ರ ಪರ್ಮಿಷನ್. ಡ್ರೈ ಸ್ಟೌಟ್ ಕರಕಲಾದ ಕಾಫಿಬೀಜದಂತೆ. ಎಕ್ಸ್‌ಪೋರ್ಟ್ ಅನ್ನುವುದು ಅದಕ್ಕಿಂತ ಗಡುಸು, ಸೀದ ಬೆಲ್ಲದ ವಾಸನೆ. ಹಾಲಿನ ಸಕ್ಕರೆ ಬೆರೆಸಿದ ಮಿಲ್ಕ್ ಸ್ಟೌಟಿಗೆ ರಾಗಿ ಹುರಿಹಿಟ್ಟಿನ ಕಂಪು. ಓಟ್ಸ್ ಹಾಕಿದ್ದು ಗಂಜಿಯಂತೆ ನುಣುಪು. ಈ ಹೋಲಿಕೆಗಳೆಲ್ಲ ಮಾವನದಲ್ಲ. ನಮ್ಮ ಅಮ್ಮನದು.

ಆ ವರ್ಷ ಅಮ್ಮನಿಗೆ ಹುಟ್ಟಿದ ಗಂಡು ಮಗು ಉಸಿರಾಡಿರಲಿಲ್ಲ. ಆಸ್ಪತ್ರೆಯಿಂದ ಬಂದ ಅಮ್ಮ ನಡುಮನೆಯ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿದರು. ಊಟವಿಲ್ಲ, ಮಾತಿಲ್ಲ. ಹಸಿವೆಗೆಂದು ಡಾಕ್ಟರಮ್ಮ ದಿನಕ್ಕೊಂದು ಸಣ್ಣ ಗ್ಲಾಸ್ ಸ್ಟೌಟ್ ಬರೆದುಕೊಟ್ಟರು. ಆ ಕಾಲದಲ್ಲಿ ಹಾಗೆ ಬರೆಯುತ್ತಿದ್ದರು. ಬೆಳ್ಳುಳ್ಳಿಯೂ ಒಳಗೆ ಬಾರದ ಅಜ್ಜಿಯ ಮಡಿ ಮನೆಗೆ ಅದು ಬರುವುದುಂಟೇ? ಅಪ್ಪ ಆ ಚೀಟಿಯನ್ನು ಮಾವನ ಕೈಗಿಟ್ಟು ಮಿಕ್ಕದ್ದಕ್ಕೆ ಕಣ್ಣು ಮುಚ್ಚಿಕೊಂಡರು. ಮಾವ ಆಯುರ್ವೇದದ ಅಂಗಡಿಯ ಖಾಲಿ ಸೀಸೆ ತೊಳೆದು, ಅದರಲ್ಲಿ ತುಂಬಿ, ಕಷಾಯ ಎಂದು ನನ್ನ ಕೈಲಿ ಕಳಿಸಿದರು.

ಡ್ರೈ ತುಂಬಿದ್ದ ಮೊದಲನೆಯದನ್ನು ಅಮ್ಮ ದೂರ ತಳ್ಳಿದರು. ಎರಡನೆಯದು ಎಕ್ಸ್‌ಪೋರ್ಟ್, ಎರಡು ಗುಟುಕು ಕುಡಿದು ಮತ್ತೆ ಗೋಡೆಗೆ ತಿರುಗಿದರು. ಮೂರನೆಯದು ಮಿಲ್ಕ್ ಸ್ಟೌಟ್. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡವರು ನನ್ನ ಕಡೆ ತಿರುಗಿ, "ಇದು ಹುರಿಹಿಟ್ಟಿನ ಹಾಗಿದೆ. ಮೊನ್ನೇದು ಸೀದ ಬೆಲ್ಲ" ಅಂದರು.

ಆರು ವಾರಗಳಲ್ಲಿ ಅಮ್ಮ ಆಡಿದ ಮೊದಲ ಮಾತು ಅದು. ಓಡಿಹೋಗಿ ಮಾವನಿಗೆ ಹೇಳಿದೆ. ಅವರು ನೋಟ್‌ಬುಕ್ ತೆಗೆದು ಆ ಎರಡು ಮಾತನ್ನು ಬರೆದುಕೊಂಡರು.

ಅಲ್ಲಿಂದ ನಾನು ಅವರಿಬ್ಬರ ನಡುವಿನ ಪೋಸ್ಟ್‌ಮ್ಯಾನ್. ಮಾವ ಸೀಸೆ ಬದಲಿಸುವುದು, ಅಮ್ಮ ಕಂಡುಹಿಡಿಯುವುದು. ಹಡಗಿನದಕ್ಕೂ ಕಾರ್ಖಾನೆಯದಕ್ಕೂ ಇರುವ ವ್ಯತ್ಯಾಸವನ್ನು ಅಮ್ಮ ನಾಲಿಗೆಯಲ್ಲೇ ಹಿಡಿಯುತ್ತಿದ್ದರು. "ಇವತ್ತಿಂದು ಕಷಾಯದಂಗಡಿಯವರು ಅವಸರದಲ್ಲಿ ಹುರಿದಿದಾರೆ ಅಂತ ಹೇಳು" ಎಂದು ಕಣ್ಣಲ್ಲೇ ನಕ್ಕಾಗ, ಅವರಿಗೆ ಎಲ್ಲ ಗೊತ್ತು ಎಂದು ನನಗೆ ತಿಳಿಯಿತು. "ನನಗೆ ಸಂಬಳ ಕೊಟ್ಟು ಕೂರಿಸಿದಾರೆ, ನಾಲಿಗೆ ಇರೋದು ನಿಮ್ಮಮ್ಮಂಗೆ" ಅಂದರು ಮಾವ. ಅಮ್ಮ ಎದ್ದು ಕೂತರು, ತಲೆ ಬಾಚಿಸಿಕೊಂಡರು. ಒಂದು ದಿನ ಸಾರಿಗೆ ಉಪ್ಪು ಕಮ್ಮಿ ಎಂದು ಅಜ್ಜಿಯ ಜೊತೆ ವಾದಿಸಿದಾಗ ಅಪ್ಪ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಸೊಸೆ ಚೇತರಿಸಿಕೊಂಡದ್ದು ಕಂಡು ಅಜ್ಜಿಗೆ ಆ ಕಷಾಯದ ಮೇಲೆ ಭಕ್ತಿಯೇ ಹುಟ್ಟಿತು. ತನಗೂ ವಾಯು ಎಂದು ದ್ವಾದಶಿಯ ಪಾರಣೆಯಾದ ಮೇಲೆ ಬೆಳ್ಳಿ ಒಳಲೆಯಲ್ಲಿ ಎರಡೆರಡು ಚಮಚ ತೆಗೆದುಕೊಳ್ಳತೊಡಗಿದರು. "ಹೋದ ಸಲದ್ದು ಒಗರು ಕಣೇ. ಇದು ನುಣ್ಣಗಿದೆ, ಹೊಟ್ಟೆ ಹೂವಾಗತ್ತೆ" ಎಂದು ಅವರೂ ಹೋಲಿಸುತ್ತಿದ್ದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೋಣೆಗೆ ಓಡುತ್ತಿದ್ದರು. ಮಗು ಹೋದ ಮೇಲೆ ಅಮ್ಮ ತಡೆಯಲಾರದೆ ನಕ್ಕದ್ದು ಅದೇ ಮೊದಲು.

ಹಾಗೇ ಉಳಿಯಬಹುದಿತ್ತು. ಆದರೆ ಒಂದು ಬೆಳಿಗ್ಗೆ ಅಜ್ಜಿ ಸಣ್ಣ ಸೀಸೆಯೊಂದನ್ನು ತುಂಬಿ ನನ್ನ ಕೈಗಿಟ್ಟರು. ಮಠದ ಆಚಾರ್ಯರಿಗೆ ಅಜೀರ್ಣವಂತೆ, ಕೊಟ್ಟು ಬಾ. ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿದ್ದರು, ಸುಳ್ಳನ್ನು ಹೊತ್ತು ಸಾಗಿಸುವವರೂ ಸುಳ್ಳರೇ ಎಂದು. ಆನೆಸ್ಟಿಗೆ ಪ್ರೈಜ್ ತಗೊಂಡಿದ್ದ ಹುಡುಗಿ ನಾನು. ಹೊಸಿಲಲ್ಲಿ ನಿಂತು ಅಜ್ಜಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ದಾರಿಯಲ್ಲಿ ಕೈಜಾರಿ ಒಡೆಯಿತು ಎಂದಿದ್ದರೆ ಆಗುತ್ತಿತ್ತು. ಅರವತ್ತು ವರ್ಷದಿಂದ ಆ ಸೀಸೆಯನ್ನು ದಾರಿಯಲ್ಲಿ ಬೀಳಿಸುತ್ತಲೇ ಇದ್ದೇನೆ.

ಅಜ್ಜಿ ಕೂಗಾಡಲಿಲ್ಲ. ಬಾವಿಕಟ್ಟೆಗೆ ಹೋಗಿ ಕೊಡದ ಮೇಲೆ ಕೊಡ ತಲೆಗೆ ಸುರಿದುಕೊಂಡರು. ಒದ್ದೆ ಸೀರೆಯಲ್ಲೇ ರಸ್ತೆ ದಾಟಿ, ಜಗಲಿಯ ಕೆಳಗೆ ನಿಂತು, "ನಂಬಿದ ಮನೆಗೆ ಹೀಗೆ ಮಾಡಿದಿರಿ. ಇನ್ನು ನಮ್ಮ ಹೊಸಿಲು ತುಳೀಬೇಡಿ" ಅಂದರು. ಮಾವ ಕೈಮುಗಿದು ನಿಂತಿದ್ದರು. "ತಪ್ಪು ನಂದೇ ಅಮ್ಮಾವ್ರೇ. ಮಗೂನ ಬಯ್ಬೇಡಿ" ಎಂದಷ್ಟೇ ಹೇಳಿದರು. ಆ ತಿಂಗಳೇ ವಿಲ್ಸನ್ ಗಾರ್ಡನ್ನಿಗೆ ಮನೆ ಬದಲಿಸಿದರು.

ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಲು ಅವರಲ್ಲಿ ಮಾತೇ ಉಳಿಯಲಿಲ್ಲ. ಅಡುಗೆ ಮಾಡಿದರು, ಬಡಿಸಿದರು, ಬೇಕಾದಷ್ಟೇ ಆಡಿದರು. ಉಪ್ಪು ಹೆಚ್ಚಾಯಿತೆ, ಕಮ್ಮಿಯಾಯಿತೆ ಎಂದು ಮತ್ತೆ ಯಾರನ್ನೂ ಕೇಳಲಿಲ್ಲ. ನಾನು ಬಿ.ಎ. ಓದುತ್ತಿದ್ದಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೋಗಿಬಿಟ್ಟರು.

ಅದಾಗಿ ಎಂಟು ತಿಂಗಳಿಗೆ ಫೋರ್ತ್ ಬ್ಲಾಕಿನ ಕಾಫಿಪುಡಿ ಅಂಗಡಿಯಲ್ಲಿ ಮಾವ ಸಿಕ್ಕರು. ಕೂದಲು ಪೂರಾ ಬಿಳಿ. ಹುರಿದ ಬೀಜ ಅಂಗೈಯಲ್ಲಿಟ್ಟುಕೊಂಡು ಮೂಗಿಗೆ ಹಿಡಿದು ಸುಮ್ಮನೆ ನಿಂತಿದ್ದರು. ಗುರುತು ಹತ್ತಿದ ಮೇಲೆ ಅಂಗೈಯನ್ನು ನನ್ನ ಮುಂದೆ ಚಾಚಿ, "ಹೇಗಿದೆ ಹೇಳು ಪುಟ್ಟಿ. ಜ್ವರ ಬಂದಿತ್ತು. ಹೋಗ್ತಾ ನನ್ ಮೂಗೂ ತಗೊಂಡೋಯ್ತು" ಅಂದರು. ಕೆಲಸವೂ ಹೋಗಿತ್ತು. ನಾನು ಮೂಸಿ, ಸ್ವಲ್ಪ ಜಾಸ್ತಿ ಹುರಿದಿದಾರೆ ಎಂದೆ. ತಲೆದೂಗಿದರು.

ಆಮೇಲೆ ಕೇಳಿದರು. "ಅಮ್ಮ ಮಾತಾಡ್ತಾರಾ?"

ಅವರಿಗೆ ಸುದ್ದಿ ತಲುಪಿರಲಿಲ್ಲ. ಯಂತ್ರ ಗರಗರ ತಿರುಗುತ್ತಿತ್ತು.

"ಮಾತಾಡ್ತಾರೆ ಮಾವ" ಅಂದೆ. "ನಿಮ್ ಸುದ್ದಿ ಬಂದಾಗೆಲ್ಲ ಮೂರನೇ ಸೀಸೇನೇ ಚೆನ್ನಾಗಿತ್ತು ಅಂತಾರೆ."

ಅವರ ಹುಬ್ಬು ಮೇಲೇರಿತು, ಹಿಂದಿನ ಭಾನುವಾರಗಳಂತೆ. ಕಿರುಬೆರಳಿನ ಉಗುರಿನಿಂದ ಅಂಗಡಿಯ ಗಾಜಿನ ಭರಣಿಯನ್ನು ಒಮ್ಮೆ ತಟ್ಟಿ, ಕಿವಿಗೊಟ್ಟು, ಪೊಟ್ಟಣ ಎದೆಗೆ ಒತ್ತಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು. ತಿರುಗಿ ನೋಡಿದರೆ ನನ್ನ ಮುಖ ಕಾಣುತ್ತದಲ್ಲ ಎಂದು ಹೆದರಿ ನಿಂತಿದ್ದೆ. ಅವರು ತಿರುಗಲಿಲ್ಲ.